ಬಗಲಲ್ಲಿ ಕೂಸು ಹೊತ್ತು ಬಂದವಳು

ನಮ್ಮ ಕಾಕಾ ಹೊಸ ಮನೆಯ ವಾಸ್ತುಶಾಂತಿಗೆ ಆಮಂತ್ರಣ ಬರೆಸಿದ್ದರು. ಮೇಲಿನ ಸಾಲಿನಲ್ಲೇ ‘ಕಿತ್ತೂರು ಸಂಸ್ಥಾನದ ಸರದಾರ ಮನೆತನ’ ಎಂದಿತ್ತು. ಚಿಕ್ಕಂದಿನಿಂದ ಕೇಳುತ್ತ ಬಂದ ಮಾತು ಅದು. 1824ರ ಅಕ್ಟೋಬರಿನಲ್ಲಿ ಕಿತ್ತೂರು ಕೋಟೆಯೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತು ಬಿದ್ದ ದಿನ ನಮ್ಮ ಹಿರಿಯನೊಬ್ಬ ಚೆನ್ನಮ್ಮನ ಕಡೆ ಕುದುರೆಯೇರಿ ನಿಂತಿದ್ದನಂತೆ. ರಾಣಿಯ ಸಮಾಧಿ ಇರುವ ಬೈಲಹೊಂಗಲ ಸೀಮೆಯಲ್ಲಿ ಹುಟ್ಟಿದವರಿಗೆ ಇಂಥ ಮಾತು ಮೈಯಲ್ಲೇ ಸೇರಿಕೊಂಡಿರುತ್ತದೆ. ನಾನೂ ನಂಬಿದ್ದೆ.

ಆಮಂತ್ರಣ ಅಚ್ಚಿಗೆ ಹೋಗುವ ಮೊದಲು, ಜೋಳದ ರಾಶಿ ಮುಗಿದ ಹೊತ್ತಿಗೆ, ಹೆಳವರು ಬಂದರು. ಒಂದೊಂದು ಹೆಳವರ ಮನೆಗೂ ಇಂತಿಂಥ ಊರು, ಇಂತಿಂಥ ಮನೆತನ ಎಂದು ಹಂಚಿಕೆ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಬಂದು ಮೂಲಪುರುಷನಿಂದ ಹಿಡಿದು ಹಿರಿಯರ ಹೆಸರು ಓದುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ, ಕಾಳು-ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ಇವರು ಬಂದದ್ದು ಮೋಟಾರ್ ಸೈಕಲ್ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಹಿಡಿದು.

ಕಟ್ಟೆಯ ಮೇಲೆ ಕಂಬಳಿ ಹಾಸಿದೆವು. ‘ಕಿತ್ತೂರಿನ ಸುದ್ದಿ ಓದ್ರಿ’ ಎಂದರು ಕಾಕಾ.

‘ಕಿತ್ತೂರಿಂದು ಇದರಾಗ ಇಲ್ರೀ ಯಜಮಾನ್ರ. ನಿಮ್ಮ ಮೂಲ ಕಲಾದಗಿ ಕಡೆ ಐತಿ.’

ಆಮೇಲೆ ಅವರು ರಾಗವಾಗಿ ಓದಿದರು. ಈಶ್ವರ ಸಂವತ್ಸರ. ಹೊಲ ಬೀಳು ಬಿತ್ತು, ಎತ್ತು ಸತ್ತವು. ಗಂಡ ರಸ್ತೆಗೆ ಖಡಿ ಒಡೆಯಲು ಹೋದವನು ಅಲ್ಲೇ ತೀರಿಕೊಂಡ. ಹೆಂಡತಿ ಬಗಲಲ್ಲಿ ಕೂಸು ಹೊತ್ತು ಈ ಊರಿಗೆ ಬಂದಳು, ಗೌಡರ ಮನೆಯಲ್ಲಿ ಬೀಸಿ ಕುಟ್ಟಿ ಅದನ್ನು ಉಳಿಸಿಕೊಂಡಳು.

ಕಾಕಾ ಸುಮ್ಮನಾಗಲಿಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ಲ. ‘ಈಶ್ವರ ಸಂವತ್ಸರ 1817ರಾಗೂ ಇತ್ತು. ಯುದ್ಧಕ್ಕ ಏಳು ವರ್ಷ ಮೊದಲ!’ ಅವರ ಲೆಕ್ಕ ಸರಿಯೇ ಇತ್ತು. ಆದರೆ ಪುಸ್ತಕದಲ್ಲಿದ್ದ ಆ ಕೂಸಿನ ಹೆಸರು ಕಾಕಾನ ಅಜ್ಜನದು. ಕಾಕಾಗೆ ಈಗ 78. ಆ ಅಜ್ಜನ ತೊಡೆಯ ಮೇಲೆ ಆಡಿ ಬೆಳೆದವರು ಅವರು. 1817ರಲ್ಲಿ ಬಗಲ ಕೂಸಾಗಿದ್ದವನು ಇವರನ್ನು ಆಡಿಸುವುದು ಸಾಧ್ಯವೇ ಇಲ್ಲ. ಇದು 1877. ಹಿಂದಿನ ಧಾತು ಸಂವತ್ಸರವನ್ನೂ ಸೇರಿಸಿ ಹಿರಿಯರು ಧಾತು ಈಶ್ವರ ಬರ ಎಂದು ನೆನೆಯುತ್ತಿದ್ದದ್ದು ಇದನ್ನೇ.

ಅಂದು ರಾತ್ರಿ ಆ ಬರದ ಬಗ್ಗೆ ಓದುತ್ತ ಕೂತೆ. ಖಡಿ ಒಡೆಯುವಂಥ ಸರಕಾರಿ ಬರ ಕಾಮಗಾರಿಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳಿನ ಬೆಲೆ, ಮೇಲೊಂದು ಆಣೆ ಎಂದು ಆ ವರ್ಷ ಕೂಲಿ ಇಳಿಸಿದ್ದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ದಿನವಿಡೀ ಕಲ್ಲು ಒಡೆಯುವ ಮೈಗೆ! 1872ರಲ್ಲಿ ಆಗಿನ ಕಲಾದಗಿ ಜಿಲ್ಲೆಯ (ಇಂದಿನ ವಿಜಯಪುರ-ಬಾಗಲಕೋಟೆ ಸೀಮೆ) ಜನ 8 ಲಕ್ಷಕ್ಕೂ ಹೆಚ್ಚು; 1881ರ ಗಣತಿಗೆ ಸುಮಾರು 6.4 ಲಕ್ಷ. ಆ ಅಂಕಿಗಳ ನಡುವಿನ ತೂತಿನಲ್ಲಿ ನಮ್ಮವನೊಬ್ಬ ಇದ್ದಾನೆ ಎಂದು ತಿಳಿದ ಮೇಲೆ ನಿದ್ದೆ ಬರಲಿಲ್ಲ.

ಕಾಕಾನ ಆಸೆಯನ್ನು ನಾನು ತಪ್ಪೆನ್ನಲಾರೆ. ಕಲ್ಯಾಣದ ಚಾಲುಕ್ಯರು ಅಷ್ಟು ದೊಡ್ಡ ರಾಜ್ಯ ಆಳುತ್ತಿದ್ದೂ, ತಮ್ಮ ಕುಲದ 59 ಅರಸರು ಅಯೋಧ್ಯೆಯಲ್ಲಿ ಆಳಿದ್ದರೆಂದು ತಾಮ್ರಪಟದಲ್ಲಿ ಬರೆಸಿಕೊಂಡರು. ಹಿಂದೆ ದೊಡ್ಡವರಿರಲಿ ಎನ್ನುವ ಹಂಬಲ ಅರಸರಿಗೇ ಇದ್ದ ಮೇಲೆ ನಮಗಿರುವುದು ಸಹಜ. ನನ್ನ ಸಂಕಟ ಬೇರೆ ಇತ್ತು. ಆರು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 64 ಹಿರಿಯರ ಲೆಕ್ಕ ಬರುತ್ತದೆ. ಹೆಳವರ ಪುಸ್ತಕದಲ್ಲಿ ಇಳಿದು ಬಂದದ್ದು ಗಂಡಸರ ಒಂದೇ ಎಳೆ. ಅದಕ್ಕೇ ಓದು ಮುಗಿಯುವ ಮೊದಲು ಕೇಳಿದ್ದೆ:

‘ಆಕಿ ಹೆಸರೇನ್ರಿ?’

‘ಹೆಣ್ಣಮಕ್ಕಳ ಹೆಸರು ಬರಿಯೂ ವಾಡಿಕಿ ಇರ್ಲಿಲ್ಲ ತಾಯಿ’ ಎಂದು ಆ ಹಿರಿಯರು ಪುಟದ ಮೇಲೆ ಬೆರಳಿಟ್ಟು ತೋರಿಸಿದರು. ಅಲ್ಲಿ ‘ಅವನ ಹೇಣತಿ’ ಎಂದಷ್ಟೇ ಇತ್ತು. ನನ್ನ ಇಬ್ಬರು ಹೆಣ್ಣುಮಕ್ಕಳ ಹೆಸರನ್ನು ಅವರ ಕೈಯಿಂದಲೇ ಬರೆಸಿದೆ. ಎರಡು ಸೇರು ಜೋಳ ಹೆಚ್ಚಿಗೆ ಹಾಕಿದೆ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕಾಕಾ ಆಮಂತ್ರಣದ ಕರಡು ತರಿಸಿ ಮೇಲಿನ ಸಾಲು ಹೊಡೆದು ಹಾಕಿದರು. ಅಲ್ಲಿ ಏನು ಬರೆಯಲಿ ಎಂದು ಯಾರನ್ನೂ ಕೇಳಲಿಲ್ಲ. ರೊಟ್ಟಿ ಮುರಿಯುತ್ತ ಸ್ವಲ್ಪ ಹೊತ್ತು ಹಾಗೇ ಕೂತರು.

‘ಅಜ್ಜ ಊಟ ಆದ ಮ್ಯಾಲೆ ಗಂಗಾಳದಾಗ ಉಳದ ರೊಟ್ಟಿ ಚೂರು ಬೆರಳಿಗೆ ಒತ್ತಿ ಒತ್ತಿ ಬಾಯಿಗೆ ಹಾಕ್ಕೋತಿದ್ದ. ನಾವು ಹುಡುಗ್ರು ನಗತಿದ್ವಿ. ಆತ ಸಿಟ್ಟಾಗತಿರ್ಲಿಲ್ಲ. ನಮ್ಮವ್ವ ಹಿಂಗ ಕಲಿಸ್ಯಾಳ, ಅಂತಿದ್ದ.’