ಯಾರೂ ನುಡಿಸದ ಪಿಟೀಲು

ಆಕ್ಸ್‌ಫರ್ಡ್ ನೋಡಲು ಬರುವ ನಮ್ಮ ಊರಿನವರನ್ನು ನಾನು ಆಶ್ಮೋಲಿಯನ್ ಮ್ಯೂಸಿಯಂಗೆ ಕರೆದುಕೊಂಡು ಹೋಗದೆ ಬಿಡುವುದಿಲ್ಲ. ಟಿಕೆಟ್ ಇಲ್ಲ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಪಿಟೀಲಿದೆ, ಹೆಸರು 'ಮೆಸ್ಸೀಯ'. ಇಟಲಿಯ ಕ್ರೆಮೋನಾದಲ್ಲಿ ಹೆಸರಾಂತ ಪಿಟೀಲು ತಯಾರಕ ಆಂಟೋನಿಯೊ ಸ್ಟ್ರಾಡಿವಾರಿ 1716ರಲ್ಲಿ ಮಾಡಿದ್ದು. ನೋಡಿದರೆ ನಿನ್ನೆ ಮೊನ್ನೆ ವಾರ್ನಿಷ್ ಹಚ್ಚಿದ ಹಾಗಿದೆ. ಮೂಲೆಗಳು ಸವೆದಿಲ್ಲ, ಗಲ್ಲ ಒತ್ತಿದ ಕಲೆಯೂ ಕಾಣುವುದಿಲ್ಲ.

ಕಾರಣ ಸರಳ. ಇದನ್ನು ನುಡಿಸಿದವರೇ ಕಡಿಮೆ. ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡಾಗಲೂ ಇದು ಮಾರಾಟವಾಗದೆ ಅವರ ಬಳಿಯೇ ಇತ್ತು. ಯಾಕೆ ಇಟ್ಟುಕೊಂಡರೋ! 1775ರಲ್ಲಿ ಮಗ ಪಾವೊಲೊ ಇದನ್ನು ಕೋಜಿಯೊ ಎಂಬ ಶ್ರೀಮಂತ ಸಂಗ್ರಾಹಕರಿಗೆ ಮಾರಿದ. ಅವರಿಂದ 1827ರಲ್ಲಿ ಕೊಂಡವನು ಲುಯಿಜಿ ತಾರಿಸಿಯೊ.

ನನಗೆ ಇಷ್ಟವಾಗುವುದು ಈ ತಾರಿಸಿಯೊನೇ. ಇಟಲಿಯ ಊರೂರು ಸುತ್ತಿ, ಯಾರ ಮನೆಯಲ್ಲೋ ಮೂಲೆಗುಂಪಾಗಿದ್ದ ಹಳೇ ಪಿಟೀಲುಗಳನ್ನು ಕೊಂಡು ಪ್ಯಾರಿಸ್‌ನಲ್ಲಿ ಮಾರುತ್ತಿದ್ದ. ಹೋದಾಗಲೆಲ್ಲ ಈ ಒಂದು ಪಿಟೀಲಿನ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ, ತಂದು ಮಾತ್ರ ತೋರಿಸುತ್ತಿರಲಿಲ್ಲ. ಅಲ್ಲಿನ ಪಿಟೀಲು ತಯಾರಕ ವಿಯೋಮ್ ಅವರ ಅಳಿಯ ಅಲಾರ್ ಒಮ್ಮೆ ರೇಗಿಸಿದರಂತೆ: ನಿನ್ನ ಪಿಟೀಲು ಯಹೂದಿಗಳ ಮೆಸ್ಸೀಯನ ಹಾಗೆ, ಕಾಯುವುದೇ ಆಯ್ತು, ಬರುವುದೇ ಇಲ್ಲ! ಆ ಹೆಸರೇ ನಿಂತಿತು. 1854ರಲ್ಲಿ ತಾರಿಸಿಯೊ ಸತ್ತ. ಮರುವರ್ಷ ವಿಯೋಮ್ ಇಟಲಿಗೆ ಓಡಿ ಹೋಗಿ ಅವನ ಸಂಗ್ರಹವನ್ನೆಲ್ಲ ವಾರಸುದಾರರಿಂದ ಕೊಂಡುಕೊಂಡರು. ಈ ಪಿಟೀಲಿನ ತಂತಿ ಬಿಗಿಸುವ ಬಿರಡೆಗಳನ್ನೂ ಬದಲಾಯಿಸಿದರು.

ಗುಮಾನಿ ಹುಟ್ಟಿದ್ದೂ ಅವರಿಂದಲೇ. ವಿಯೋಮ್ ನಕಲು ಮಾಡುವುದರಲ್ಲಿ ಭಾರೀ ಪಳಗಿದವರು. ಇಷ್ಟು ಹೊಸದಾಗಿ ಕಾಣುವುದು ಅವರದೇ ಕೈಕೆಲಸ ಇರಬಾರದೇಕೆ ಅಂತ 1990ರ ದಶಕದ ಕೊನೆಯಲ್ಲಿ ದೊಡ್ಡ ಜಗಳವೇ ಆಯಿತು. ಆಗ ಮುಂಭಾಗದ ಸ್ಪ್ರೂಸ್ ಮರದ ಹಲಗೆಯಲ್ಲಿ, ಮರ ಬೆಳೆಯುವಾಗ ವರ್ಷಕ್ಕೊಂದರಂತೆ ಮೂಡುವ ಉಂಗುರಗಳನ್ನು ಎಣಿಸಿದರು. ಕೊನೆಯ ಉಂಗುರ 1680ರ ದಶಕದ್ದು. ಅಂದರೆ ಮರ ಕಾಲಕ್ಕೆ ಸರಿಹೊಂದುತ್ತದೆ. ಕೆತ್ತಿದ ಕೈ ಯಾರದು ಅಂತ ಉಂಗುರ ಹೇಳುವುದಿಲ್ಲ, ಅದು ಬೇರೆ ಮಾತು. ಆದರೂ ಹೆಚ್ಚಿನ ತಜ್ಞರು ಸ್ಟ್ರಾಡಿವಾರಿಯದ್ದೇ ಅನ್ನುತ್ತಾರೆ. ನಾನೂ ಅವರ ಕಡೆಯೇ.

ಕೈಯಿಂದ ಕೈಗೆ ಬಂದ ಇದನ್ನು ಲಂಡನ್ನಿನಲ್ಲಿ ಪಿಟೀಲು ಮಾಡಿ ಮಾರುತ್ತಿದ್ದ ಹಿಲ್ ಕುಟುಂಬ ಕೊನೆಗೆ ಮ್ಯೂಸಿಯಂಗೆ ದಾನ ಕೊಟ್ಟಿತು, ಮುಂದಿನ ಪಿಟೀಲು ತಯಾರಕರು ನೋಡಿ ಕಲಿಯಲಿ ಅಂತ. ಕರ್ನಾಟಕ ಸಂಗೀತ ಕಲಿತ ನೆಂಟರೊಬ್ಬರಿಗೆ ಇದು ಒಪ್ಪಿಗೆಯಾಗಲಿಲ್ಲ. 'ನುಡಿಸದೆ ಇಟ್ಟರೆ ಅದು ವಾದ್ಯ ಹೇಗಾಗುತ್ತೆ?' ಅಂದರು. ನನಗೆ ಹಾಗನ್ನಿಸುವುದಿಲ್ಲ. ನುಡಿಸುವ ಸ್ಟ್ರಾಡಿವಾರಿಗಳು ಬೇಕಾದಷ್ಟಿವೆ, ಸವೆಯದೆ ಉಳಿದದ್ದು ಅಪರೂಪ ಅಲ್ವಾ?

ಬಂದರೆ ಅಲ್ಲೇ ಇರುವ 1688ರ ಗಿಟಾರನ್ನೂ ನೋಡಿ. ಅದೂ ಸ್ಟ್ರಾಡಿವಾರಿಯದ್ದೇ.