ನೈಟ್ ಶಿಫ್ಟಾ ಅಂತ ಕೇಳಿಬಿಟ್ಟೆ

ತುಮಕೂರಿನಿಂದ ಅಪ್ಪ ಫೋನ್ ಮಾಡಿದ್ದರು. ವಿಷಯ ಸ್ಮಾರ್ಟ್ ಮೀಟರ್, ಅಂದರೆ ರೀಡಿಂಗನ್ನು ತಾನೇ ಕರೆಂಟ್ ಕಂಪನಿಗೆ ಕಳಿಸುವ ಮೀಟರ್. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ, ಆ ಮೀಟರ್ ಹಾಕಿಸಿಕೊಂಡರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಅಂತ ಕಳ್ಳರಿಗೆ ಗೊತ್ತಾಗುತ್ತಂತೆ. "ನೀನು ಹಾಕಿಸ್ಬೇಡಮ್ಮ, ಯಾರಾದ್ರೂ ಬಂದ್ರೆ ಬೇಡ ಅಂದ್ಬಿಡು" ಅಂದರು. ಬೆಸ್ಕಾಂನವರು 2025ರ ಫೆಬ್ರವರಿಯಿಂದ ಕಡ್ಡಾಯ ಮಾಡಿದ್ದು ಹೊಸ ಕನೆಕ್ಷನ್‌ಗೆ ಮತ್ತು ಟೆಂಪರರಿ ಕನೆಕ್ಷನ್‌ಗೆ, ನಮ್ಮದು ಹಳೇದು ಅಪ್ಪಾ, ಇಲ್ಲಿಗೆ ಯಾರೂ ಬಂದಿಲ್ಲ ಅಂತ ಸಮಾಧಾನ ಮಾಡಿದೆ. ಮನಸ್ಸಲ್ಲಿ ಸ್ವಲ್ಪ ನಗುನೂ ಬಂತು.

ಯಾಕೆ ಅಂದ್ರೆ, ಕಳ್ಳರಿಗೆ ಇಷ್ಟೆಲ್ಲ ಕಷ್ಟ ಯಾಕೆ? ಬಾಗಿಲ ಮುಂದೆ ಎರಡು ದಿನ ರಂಗೋಲಿ ಇಲ್ಲದಿದ್ದರೆ ಸಾಕು. ಗೇಟಿನ ಒಳಗೆ ಪೇಪರ್ ಬಿದ್ದಿರುತ್ತದೆ. ಗ್ರಿಲ್ಲಿಗೆ ಸಿಕ್ಕಿಸಿ ಹೋದ ಕರೆಂಟ್ ಬಿಲ್ ವಾರಗಟ್ಟಲೆ ಗಾಳಿಗೆ ಪಟಪಟ ಅನ್ನುತ್ತಿರುತ್ತದೆ. ಇನ್ನು ಮೀಟರ್ ವಿಷಯಕ್ಕೇ ಬಂದರೆ, ಈಗಿರುವ ಸಾಮಾನ್ಯ ಡಿಜಿಟಲ್ ಮೀಟರ್ ಕೂಡ ಬಾಯಿಬಡುಕನೇ. ನಮ್ಮದು ಗೇಟಿನ ಪಕ್ಕದಲ್ಲೇ ಇದೆ. ಅದರಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತಿರುತ್ತದೆ, ಪಕ್ಕದಲ್ಲಿ 3200 ಅಂತ ಬರೆದಿದೆ. ಒಂದು ಯೂನಿಟ್ ಉರಿದರೆ 3200 ಸಲ ಮಿಟುಕಿತು ಅಂತ ಲೆಕ್ಕ. ಅಪ್ಪನ ಫೋನ್ ಇಟ್ಟ ಮೇಲೆ ಕುತೂಹಲಕ್ಕೆ ಹೋಗಿ ಎಣಿಸುತ್ತಾ ನಿಂತೆ. ಗೀಸರ್ ಹಾಕಿದಾಗ ನಿಮಿಷಕ್ಕೆ ನೂರಕ್ಕಿಂತ ಜಾಸ್ತಿ, ಕಣ್ಣಲ್ಲಿ ಎಣಿಸೋದು ಕಷ್ಟ. ಬರೀ ಫ್ರಿಡ್ಜ್ ಓಡುತ್ತಿದ್ದರೆ ಹತ್ತು ಹನ್ನೊಂದು ಸೆಕೆಂಡಿಗೆ ಒಮ್ಮೆ. ಎಲ್ಲ ಆರಿಸಿ ವೈಫೈ ಡಬ್ಬಿ ಒಂದೇ ಬಿಟ್ಟರೆ ಒಂದು ಮಿಟುಕಿಗೆ ಸುಮಾರು ಎರಡು ನಿಮಿಷ ಕಾಯಬೇಕು. ರಸ್ತೆಯಲ್ಲಿ ನಿಂತು ಬೀಡಿ ಸೇದುವವನಿಗೂ ಈ ಲೆಕ್ಕ ಸಿಗುತ್ತದೆ.

ಹೀಗೆಲ್ಲ ಬುದ್ಧಿವಂತಿಕೆ ಮಾತಾಡುತ್ತಿದ್ದ ನನ್ನ ಮನೆಯಲ್ಲೇ ಏನಾಯಿತು ಅಂತ ಈಗ ಹೇಳುತ್ತೇನೆ.

ನಮ್ಮ ಮನೆ ಮೇಲೆ ಒಂದು ರೂಮು, ಅಡುಗೆಗೆ ಸಣ್ಣ ಜಾಗ ಇದೆ. ಹಾಸನದ ಕಡೆಯ ಹುಡುಗಿ ಬಾಡಿಗೆಗೆ ಇದ್ದಾಳೆ, ನರ್ಸ್. ಮೊದಲು ಅಲ್ಲಿ ಮಾಮೂಲಿ ಸಬ್ ಮೀಟರ್ ಇತ್ತು. ಅದು ಕೆಟ್ಟಾಗ ಎಲೆಕ್ಟ್ರಿಷಿಯನ್ "ವೈಫೈದು ಹಾಕಿಬಿಡ್ತೀನಿ ಮೇಡಂ, ನೀವು ಮೆಟ್ಟಿಲು ಹತ್ತೋದೇ ಬೇಡ, ಫೋನಲ್ಲೇ ರೀಡಿಂಗ್ ಬರತ್ತೆ" ಅಂದರು. ಮಂಡಿನೋವಿರುವವಳಿಗೆ ಇದಕ್ಕಿಂತ ಸಿಹಿ ಮಾತು ಬೇಕಾ? ಹಾಕಿಸಿದೆ. ನನ್ನ ಫೋನಿಗೆ ಒಂದು ಆ್ಯಪ್ ಬಂತು.

ಮೊದಲ ತಿಂಗಳು ಯೂನಿಟ್ ಮಾತ್ರ ನೋಡಿದೆ. ಆಮೇಲೆ ಒಂದು ದಿನ ಕೈತಪ್ಪಿ ಗ್ರಾಫ್ ತೆರೆದುಕೊಂಡಿತು. ಬೆಳಿಗ್ಗೆ ಐದೂಕಾಲಿಗೆ ಗೀಸರ್ ಗೋಪುರದ ಹಾಗೆ ನೆಟ್ಟಗೆ ಎದ್ದು ನಿಂತಿದೆ. ಫ್ರಿಡ್ಜ್ ಬಾಚಣಿಗೆ ಹಲ್ಲಿನ ಹಾಗೆ ಏರಿ ಇಳಿದು ಏರಿ ಇಳಿದು ಸಾಗುತ್ತದೆ. ನಡುವೆ ಒಂದು ಸಣ್ಣ ಮುಳ್ಳು ಬಂದರೆ ಅದು ಮಿಕ್ಸಿ, ಆ ಹೊತ್ತಿಗೆ ಸರಿಯಾಗಿ ನನಗೆ ಮೇಲಿಂದ ಸದ್ದೂ ಕೇಳಿಸುತ್ತಿತ್ತು. ಸುಳ್ಳು ಹೇಳಲ್ಲ, ಮಜಾ ಅನ್ನಿಸಿತು. ಸೀರಿಯಲ್ ನಡುವೆ ಜಾಹೀರಾತು ಬಂದಾಗ ಇದನ್ನು ನೋಡುವುದು ಅಭ್ಯಾಸವಾಯಿತು. ಯಾರ ಮೇಲೂ ಕಣ್ಣಿಡಬೇಕು ಅಂತ ಅಲ್ಲ, ಸುಮ್ನೆ.

ಒಂದು ಸಂಜೆ ಅವಳು ಗೇಟಿನ ಹತ್ತಿರ ಸಿಕ್ಕಳು. ಮಾತಿಗೆ ಅಂತ ಕೇಳಿದೆ, "ಏನಮ್ಮ, ಈ ವಾರ ನೈಟ್ ಶಿಫ್ಟಾ?"

"ಹೂಂ ಆಂಟಿ. ನಿಮಗೆ ಹೇಗೆ ಗೊತ್ತು?"

"ಅದೇ, ರಾತ್ರಿ ಕರೆಂಟೇ ಖರ್ಚಾಗಿಲ್ವಲ್ಲ."

ಅವಳ ಮುಖ ಹೇಗಾಯಿತು ಅಂತ ನನಗೆ ಬರೆಯಲು ಬರುವುದಿಲ್ಲ. ಏನೂ ಮಾತಾಡದೆ ಮೇಲೆ ಹೋದಳು. ಆ ರಾತ್ರಿ ಡ್ಯೂಟಿಗೆ ಹೊರಡುವ ಮುಂಚೆ ಮೇಲಿಂದ ಕುರ್ಚಿ ಎಳೆಯುವ ಸದ್ದು, ಮಂಚ ಸರಿಸುವ ಸದ್ದು. ಮಾರನೇ ದಿನ ಅವಳೇ ಬಂದು ಮೆಲ್ಲಗೆ ಕೇಳಿದಳು, "ಆಂಟಿ, ರೂಮಲ್ಲಿ ಕ್ಯಾಮೆರಾ ಏನಾದ್ರೂ ಇದೆಯಾ?" ಹಿಂದಿನ ರಾತ್ರಿ ಫೋನಿನ ಟಾರ್ಚ್ ಹಾಕಿಕೊಂಡು ಗೀಸರ್ ಮೇಲೆ, ಫ್ಯಾನಿನ ಬಟ್ಟಲಲ್ಲಿ ಎಲ್ಲ ಹುಡುಕಿದ್ದಳಂತೆ.

ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಪಕ್ಕದಲ್ಲಿ ಕೂರಿಸಿಕೊಂಡು ಆ್ಯಪ್ ತೋರಿಸಿದೆ. ಅವಳು ಹಿಂದಕ್ಕೆ ಸರಿಸುತ್ತಾ ಹೋದಳು. "ಇದು ನಾನು ಊರಿಗೆ ಹೋಗಿದ್ದು. ಇದು ಜ್ವರ ಬಂದು ಮಲಗಿದ್ದ ದಿನ." ಮೂರು ತಿಂಗಳ ಅವಳ ದಿನಚರಿ ನನ್ನ ಫೋನಿನಲ್ಲಿ ಕೂತಿತ್ತು. ಆಮೇಲೆ ಅವಳೇ ಸೆಟ್ಟಿಂಗ್ಸ್ ಒತ್ತಿ, "ಇದರ ಓನರ್ ನೀವಲ್ವಲ್ಲ ಆಂಟಿ, ಇದು ಯಾರ ನಂಬರ್?" ಅಂದಳು.

ಎಲೆಕ್ಟ್ರಿಷಿಯನ್‌ದು. ಹಾಕಿದ ದಿನ ಅವರು ತಮ್ಮ ಫೋನಲ್ಲೇ ಮೊದಲು ಜೋಡಿಸಿ, ಆಮೇಲೆ ನನಗೆ 'ಶೇರ್' ಮಾಡಿ ಹೋಗಿದ್ದರು. ಅಂದರೆ ಒಬ್ಬಳೇ ಇರುವ ಹುಡುಗಿ ಯಾವಾಗ ಮನೆಯಲ್ಲಿರುತ್ತಾಳೆ, ಯಾವಾಗ ಇರಲ್ಲ ಅಂತ ಅವರಿಗೂ ಕಾಣುತ್ತಿತ್ತು. ಬೇಕಾದರೆ ಕೂತಲ್ಲಿಂದಲೇ ಆ ರೂಮಿನ ಕರೆಂಟ್ ಆರಿಸಲೂ ಆಗುತ್ತಿತ್ತು, ಆ ಮೀಟರಿನಲ್ಲಿ ಸ್ವಿಚ್ ಕೂಡ ಇದೆ. ಫೋನ್ ಮಾಡಿ ಕೇಳಿದರೆ ಅವರಿಗೆ ಆಶ್ಚರ್ಯ. "ಅಯ್ಯೋ ಮೇಡಂ, ನನ್ನ ಫೋನಲ್ಲಿ ಇಂಥವು ನಲವತ್ತು ಮನೇದು ಇದಾವೆ. ಯಾರು ನೋಡ್ತಾರೆ ಬಿಡಿ." ಕೆಟ್ಟ ಮನುಷ್ಯರಲ್ಲ, ನಿಜಕ್ಕೂ ನೋಡಿರಲಿಕ್ಕಿಲ್ಲ. ಆದರೆ ನಾನೂ ಕೆಟ್ಟವಳಲ್ಲ, ನಾನು ನೋಡಿದೆನಲ್ಲ?

ಅಂದಿನಿಂದ ಅಪ್ಪನ ಮಾತನ್ನು ಬೇರೆ ಥರ ಯೋಚಿಸುತ್ತಿದ್ದೇನೆ. ಕರೆಂಟ್ ಕಂಪನಿಯ ಮೀಟರ್ ಇಷ್ಟು ಬೇಕಾಬಿಟ್ಟಿ ಅಲ್ಲ, ಅದನ್ನೂ ಹೇಳಬೇಕು. ಐಎಸ್ 16444 ಅಂತ ಮಾನದಂಡ ಇದೆ, ಮಾಹಿತಿ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಕೀಲಿ ಇಲ್ಲದವರು ಓದಲಾಗದ ಹಾಗೆ ಬೀಗ ಹಾಕಿಕೊಂಡೇ ಹೋಗುತ್ತದೆ. ಹಾಗಂತ ಬೀಗ ಇದೆ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂತಲೂ ಅಲ್ಲ. 2014ರಲ್ಲಿ ಸ್ಪೇನಿನ ಇಬ್ಬರು ಸಂಶೋಧಕರು ಅಲ್ಲಿನ ಒಂದು ಬಗೆಯ ಮೀಟರ್ ಬಿಚ್ಚಿ ನೋಡಿದಾಗ ಎಲ್ಲದಕ್ಕೂ ಒಂದೇ ಕೀಲಿ ಇರುವುದು ಗೊತ್ತಾಗಿತ್ತು, ಬೀದಿಗೆಲ್ಲ ಒಂದೇ ಬೀಗದ ಕೈ ಹಂಚಿದ ಹಾಗೆ. ಇನ್ನು ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ 2011ರಲ್ಲಿ ಎರಡು ಸೆಕೆಂಡಿಗೊಮ್ಮೆ ಅಳೆಯುವ ಮೀಟರ್ ಇಟ್ಟುಕೊಂಡು, ಟಿವಿಯಲ್ಲಿ ಯಾವ ಸಿನಿಮಾ ಓಡುತ್ತಿದೆ ಅಂತ ಪತ್ತೆ ಮಾಡಿ ತೋರಿಸಿದರು, ಪರದೆಯ ಬೆಳಕು ಹೆಚ್ಚುಕಮ್ಮಿ ಆದಂತೆ ಕರೆಂಟೂ ಹೆಚ್ಚುಕಮ್ಮಿ ಆಗುತ್ತದಲ್ಲ, ಅದನ್ನು ಹಿಡಿದು. ನಮ್ಮ ಸ್ಮಾರ್ಟ್ ಮೀಟರ್‌ಗಳು ಅರ್ಧ ಗಂಟೆಗೋ ಕಾಲು ಗಂಟೆಗೋ ಒಂದು ಲೆಕ್ಕ ಬರೆದಿಡುತ್ತವೆ. ಸಿನಿಮಾ ಗೊತ್ತಾಗಲ್ಲ. ನೈಟ್ ಶಿಫ್ಟ್ ಗೊತ್ತಾಗುತ್ತದೆ.

ನೆದರ್‌ಲೆಂಡ್ಸ್‌ನಲ್ಲಿ ಇದೇ ಕಾರಣಕ್ಕೆ 2009ರಲ್ಲಿ ಅಲ್ಲಿನ ಮೇಲ್ಮನೆ ಕಡ್ಡಾಯ ಸ್ಮಾರ್ಟ್ ಮೀಟರ್ ಮಸೂದೆಗೆ ಅಡ್ಡ ನಿಂತಿತು, ಕೊನೆಗೆ ಬೇಡ ಅನ್ನುವವರು ಬೇಡ ಅನ್ನಬಹುದು ಅಂತಾಯಿತು. ನಮ್ಮಲ್ಲಿ ವಿಧಾನಸಭೆಯಲ್ಲೂ ಹೈಕೋರ್ಟಿನಲ್ಲೂ ದೊಡ್ಡ ಸದ್ದಾಗಿದ್ದು ದುಡ್ಡಿನದು. ಸಾವಿರದೊಳಗೆ ಬರುತ್ತಿದ್ದ ಮೀಟರ್‌ಗೆ ಸುಮಾರು 5,000 ರೂಪಾಯಿ ಯಾಕೆ ಅಂತ. ಕೇಳಬೇಕಾದ್ದೇ, ಹಾಗೆ ಕೇಳಿದ್ದು ಒಳ್ಳೆಯದೇ ಆಯಿತು. ಆದರೆ ಆ ಅರ್ಧ ಗಂಟೆಯ ಲೆಕ್ಕ ಎಷ್ಟು ವರ್ಷ ಇಟ್ಟಿರುತ್ತಾರೆ, ಗುತ್ತಿಗೆಯವರಲ್ಲಿ ಯಾರು ಯಾರಿಗೆ ಕಾಣುತ್ತದೆ ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು ಅಂತ ನನಗನ್ನಿಸುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಪ್ರಕರಣದಲ್ಲಿ. ಅವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು.

ಇನ್ನೊಂದು ಆ ಸ್ವಿಚ್, ಕರೆಂಟ್ ಕಂಪನಿಯ ಸ್ಮಾರ್ಟ್ ಮೀಟರಿನಲ್ಲೂ ಅಂಥದ್ದು ಇದೆ. 2020ರ ಆಗಸ್ಟ್‌ನಲ್ಲಿ, ಕೃಷ್ಣ ಜನ್ಮಾಷ್ಟಮಿ ದಿನವೇ, ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರ್ ಮನೆಗಳಲ್ಲಿ ಒಟ್ಟಿಗೇ ಕರೆಂಟ್ ಹೋಯಿತು. ಯಾವ ಹ್ಯಾಕರ್ರೂ ಬೇಕಾಗಲಿಲ್ಲ, ಒಂದು ತಪ್ಪು ಕಮಾಂಡ್ ಸಾಕಾಯಿತು.

ಅಪ್ಪನಿಗೆ 2022ರಲ್ಲಿ ಒಂದು ಮೆಸೇಜ್ ಬಂದಿತ್ತು. ನಿಮ್ಮಲ್ಲೂ ಅನೇಕರಿಗೆ ಬಂದಿರುತ್ತದೆ. ಹಳೇ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್, ತಕ್ಷಣ ಈ ಆಫೀಸರ್‌ಗೆ ಫೋನ್ ಮಾಡಿ ಅಂತ. ಮಾಡಿದರೆ ಯಾವುದೋ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆ ಗುಡಿಸಿಬಿಡುತ್ತಾರೆ. ಅಪ್ಪ ಆ ನಂಬರಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ನಮ್ಮ ಏರಿಯಾ ಲೈನ್‌ಮನ್ ನನಗೆ ಗೊತ್ತು, ಫ್ಯೂಸ್ ಕೀಳೋದಾದ್ರೆ ಅವನೇ ಬರ್ಲಿ, ಕಾಫಿ ಕೊಡ್ತೀನಿ." ಅವತ್ತು ಆ ಉತ್ತರ ಅವರನ್ನು ಉಳಿಸಿತು. ನಾಳೆ ಸ್ಮಾರ್ಟ್ ಮೀಟರ್ ಬಂದ ಮೇಲೆ ಲೈನ್‌ಮನ್ ಬರಬೇಕಾಗೇ ಇಲ್ಲ, ಆಫೀಸಿನಿಂದಲೇ ಕಟ್ ಮಾಡಬಹುದು, ಹಾಗಾಗಿ ಆ ಸುಳ್ಳು ಮೆಸೇಜ್ ಇನ್ನೂ ಜಾಸ್ತಿ ನಿಜದ ಥರ ಕೇಳಿಸುತ್ತದೆ. ಮೀಟರ್ ನೋಡಿ ಬರುವ ಕಳ್ಳರಿಗಿಂತ, ಮೀಟರ್ ಹೆಸರು ಹೇಳುವ ಕಳ್ಳರ ಬಗ್ಗೆ ನನಗೆ ಹೆದರಿಕೆ.

ಮೇಲಿನ ರೂಮಿನ ವೈಫೈ ಮೀಟರ್ ತೆಗೆಸಿಬಿಟ್ಟೆ. ಈಗ ಅಲ್ಲಿ ಬರೀ ಅಂಕಿ ತೋರಿಸುವ ಮಾಮೂಲಿ ಸಬ್ ಮೀಟರ್. ಪ್ರತಿ ತಿಂಗಳು ಒಂದನೇ ತಾರೀಖು ಅವಳೇ ಫೋಟೋ ತೆಗೆದು ಕಳಿಸುತ್ತಾಳೆ, ನನ್ನ ಮಂಡಿಗೂ ತೊಂದರೆ ಇಲ್ಲ. ಮೊದಲಿನಷ್ಟು ಸಲೀಸಾಗಿ ಮಾತಾಡಲು ಅವಳಿಗೆ ಎರಡು ತಿಂಗಳೇ ಬೇಕಾಯಿತು.

ಆದರೆ ಆ ಎಲೆಕ್ಟ್ರಿಷಿಯನ್ ಫೋನಿನಲ್ಲಿರುವ ಉಳಿದ ಮೂವತ್ತೊಂಬತ್ತು ಮನೆಯವರು ಯಾರು ಅಂತ ನನಗೆ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಫೋನಿಗೆ ಬರುವ ಮೀಟರ್, ಕ್ಯಾಮೆರಾ, ಗೀಸರ್ ಸ್ವಿಚ್ ಏನಾದರೂ ಇದ್ದರೆ ಆ್ಯಪ್ ತೆರೆದು ಓನರ್ ಅಂತ ಯಾರ ನಂಬರ್ ಇದೆ ನೋಡಿ. ನಿಮ್ಮದಲ್ಲದಿದ್ದರೆ ಆ ನಂಬರಿನವರಿಗೆ ಹೇಳಿ ಅವರ ಆ್ಯಪ್‌ನಿಂದ ತೆಗೆಸಿ, ನಿಮ್ಮ ಫೋನಿಂದಲೇ ಮತ್ತೆ ಜೋಡಿಸಿ. ದೊಡ್ಡ ಕೆಲಸವೇನಲ್ಲ. ಬಾಡಿಗೆಗೆ ಇದ್ದರೆ ಓನರ್ ಆಂಟಿ ಫೋನಲ್ಲಿ ಏನು ಕಾಣುತ್ತೆ ಅಂತಲೂ ಒಮ್ಮೆ ಕೇಳಿ.