ಮಕ್ಕಳ ಕೋಣೆ, ಮೂರನೇ ಸುತ್ತು: ಗೋಡೆ ಕೊನೆಗೂ ಒಣಗಿತು

ಆಷಾಢದ ಮಳೆ ಎರಡು ವಾರ ಬಿಡದೆ ಹೊಡೆಯಿತು. ಇವತ್ತು ಬೆಳಗ್ಗೆ ಎದ್ದ ಕೂಡಲೇ ಮಕ್ಕಳ ಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿದೆ. ತಣ್ಣಗಿತ್ತು, ಆದರೆ ಒದ್ದೆ ಇರಲಿಲ್ಲ. ಮಂಚದ ಹಿಂದಿನ ಮೂಲೆಗೆ ಟಾರ್ಚ್ ಹಾಕಿ ನೋಡಿದೆ. ಒಂದು ಗುಳ್ಳೆಯೂ ಇಲ್ಲ, ನೆಲದ ಮೇಲೆ ಬಿಳಿ ಪುಡಿಯೂ ಇಲ್ಲ. ಒಂಬತ್ತು ತಿಂಗಳಿಂದ ಕಾಯುತ್ತಿದ್ದ ಬೆಳಗು ಇದು. ಖುಷಿ ತಡೆಯೋಕಾಗದೆ ಬರೆಯುತ್ತಿದ್ದೇನೆ.

ಕೋಣೆ ಹತ್ತಕ್ಕೆ ಹನ್ನೊಂದು ಅಡಿ. ಒಂಬತ್ತು ವರ್ಷದ ಮಗಳಿಗೂ ಐದು ವರ್ಷದ ಮಗನಿಗೂ ಅದೊಂದೇ. ನಾನು ಎತ್ತಿಟ್ಟ ದುಡ್ಡು ₹8,000. ಮಂಚ, ಕಪಾಟು, ಅಮ್ಮನ ಹಳೆ ಸೀರೆಯ ಪರದೆ ಇವೆಲ್ಲ ಹೇಗಾಯಿತು ಅಂತ ಬರೆಯುವುದಿಲ್ಲ, ನೀವೆಲ್ಲ ಮಾಡಿದವರೇ. ಅರ್ಧಕ್ಕಿಂತ ಜಾಸ್ತಿ ದುಡ್ಡು ನುಂಗಿದ್ದು ಉತ್ತರದ ಗೋಡೆ. ಅದರ ಕಥೆ ಹೇಳಬೇಕು.

ದಸರಾ ರಜೆಯಲ್ಲಿ ಹೆರೆದು, ಪುಟ್ಟಿ ಎಳೆದು, ಪ್ರೈಮರ್ ಹೊಡೆದು, ತಿಳಿ ಹಸಿರು ಎಮಲ್ಷನ್ ಹಚ್ಚಿದ್ದೆ. ಸಂಕ್ರಾಂತಿ ಹೊತ್ತಿಗೆ ನೆಲದಿಂದ ಎರಡೂವರೆ ಅಡಿವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದಿತು. ಮಗಳು ಅಂಟಿಸಿದ್ದ ನವಿಲಿನ ಚಿತ್ರ ಬಣ್ಣದ ಚಕ್ಕೆ ಸಮೇತ ಕಳಚಿ ಬಿತ್ತು. ಅವಳು ಏನೂ ಹೇಳಲಿಲ್ಲ. ಚಿತ್ರವನ್ನು ಒರೆಸಿ ಪುಸ್ತಕದೊಳಗೆ ಇಟ್ಟುಕೊಂಡಳು. ಅದು ನನಗೆ ಬಹಳ ಬೇಜಾರಾಯಿತು.

ಅಂಗಡಿಯವರನ್ನು ಕೇಳಿದರೆ, 'ತೇವ ತಡೆಯೋ ಪೇಂಟ್ ಹಾಕಿ ಸಾರ್, ಹತ್ತು ವರ್ಷ ಏನೂ ಆಗಲ್ಲ' ಅಂದರು. ತೇವ ಎಲ್ಲಿಂದ ಬರುತ್ತಿದೆ ಅಂತ ಒಂದು ಮಾತು ಕೇಳಲಿಲ್ಲ. ₹2,100 ಕೊಟ್ಟು ತಂದೆ. ಯುಗಾದಿಗೆ ನೋಡಿದರೆ ಗುಳ್ಳೆ ಮೂರೂವರೆ ಅಡಿಗೆ ಏರಿದೆ! ಈಗ ಅರ್ಥವಾಗುತ್ತದೆ. ಗೋಡೆಯೊಳಗಿನ ನೀರಿಗೆ ಹೊರಗೆ ಬರುವ ದಾರಿ ಮುಚ್ಚಿದೆ. ಅದು ಸುಮ್ನೆ ಕೂರುತ್ತಾ? ಇನ್ನೂ ಮೇಲಕ್ಕೆ ಹತ್ತಿ ಅಲ್ಲಿಂದ ದಾರಿ ಮಾಡಿಕೊಂಡಿತು. ಗೋಡೆಗೆ ಕಾಯಿಲೆ ಇರುವಾಗ ಹೀಗೆ ಬರೀ ಡಬ್ಬ ಮಾರಿ ಕಳಿಸುವವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆಮೇಲೆ ಮಾಡಿದ್ದು ಪ್ಲಾಸ್ಟಿಕ್ ಪರೀಕ್ಷೆ. ಎರಡಡಿ ಚೌಕದ ಪಾರದರ್ಶಕ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆ. ಹನಿ ಹಾಳೆಯ ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯ ತೇವ, ಒಳಮೈಯಲ್ಲಿದ್ದರೆ ಗೋಡೆಯ ತೇವ. ನಮ್ಮದು ಒಳಮೈಯಲ್ಲೇ ಸಾಲುಸಾಲಾಗಿ ಕೂತಿತ್ತು. ಆ ಗೋಡೆಯಲ್ಲಿ ನೀರಿನ ಪೈಪ್ ಇಲ್ಲ, ಬಚ್ಚಲೂ ಪಕ್ಕದಲ್ಲಿಲ್ಲ.

ಹೊರಗೆ ಹೋಗಿ ಬಗ್ಗಿ ನೋಡಿದೆ. ಅಮ್ಮನ ದಾಸವಾಳದ ಪಾತಿ! ವರ್ಷ ವರ್ಷ ಗೊಬ್ಬರ, ಮಣ್ಣು ಹಾಕಿ ಹಾಕಿ ಒಳಗಿನ ನೆಲಕ್ಕಿಂತ ಒಂದಡಿ ಎತ್ತರ ಏರಿದೆ. ಅಡಿಪಾಯದ ಮೇಲೆ ತೇವ ತಡೆಯೋಕೆ ಹಾಕುವ ಪದರ ಆ ಮಣ್ಣಿನಡಿ ಹೂತು ಹೋಗಿದೆ. ಮಳೆಗಾಲದಲ್ಲಿ ಮಳೆನೀರು, ಬೇಸಿಗೆಯಲ್ಲಿ ಅಮ್ಮ ಹಾಕುವ ಎರಡು ಕೊಡ ನೀರು. ವರ್ಷಪೂರ್ತಿ ಇಟ್ಟಿಗೆ ಕುಡಿಯುತ್ತಿತ್ತು. ಆ ನೀರು ಇಟ್ಟಿಗೆ, ಗಾರೆಯಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಒಳಮೈಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಹರಳುಗಟ್ಟುತ್ತದೆ, ಹರಳು ಬಣ್ಣವನ್ನು ಎತ್ತುತ್ತದೆ. ಮಳೆ ನಿಂತು ಗೋಡೆ ಒಣಗುವ ಚಳಿಗಾಲದಲ್ಲೇ ಚಕ್ಕೆ ಏಳುವುದು ಇದಕ್ಕೇ.

ಅಮ್ಮನಿಗೆ ಹೇಳೋದು ಕಷ್ಟವಿತ್ತು. 'ಗಿಡ ಕಡಿಯಬೇಡ ಕಣೋ, ಕಿತ್ತು ಆಚೆ ನೆಡು' ಅಂದರು. ಬೇರು ಸಮೇತ ತೆಗೆದು ಕಾಂಪೌಂಡ್ ಪಕ್ಕ ನೆಟ್ಟೆವು. ಈಗ ಚಿಗುರಿದೆ. ಹದಿನೆಂಟು ಬುಟ್ಟಿ ಮಣ್ಣು ತೆಗೆದೆ. ನೀರು ಗೋಡೆಯಿಂದ ಆಚೆ ಹರಿಯುವ ಹಾಗೆ ಇಳಿಜಾರು ಮಾಡಿ ಜಲ್ಲಿ ಹರಡಿದೆ.

ಒಳಗೆ ನಾಲ್ಕಡಿವರೆಗೆ ಬಣ್ಣ, ಪುಟ್ಟಿ ಎರಡನ್ನೂ ಗಾರೆ ಕಾಣುವ ತನಕ ಹೆರೆದೆ. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ಮೊರಕ್ಕೆ ತೆಗೆಯಬೇಕು. ನೀರು ಹಾಕಿ ತೊಳೆದರೆ ಕರಗಿ ವಾಪಸ್ ಗೋಡೆಗೇ ಹೋಗುತ್ತದೆ. ಉಳಿದ ಉಪ್ಪನ್ನು ಹೀರಿ ತೆಗೆಯೋಕೆ ಪಟ್ಟು, ಅಂದರೆ ಒದ್ದೆ ಲೇಪ ಹಾಕಿದೆ. ಮಕ್ಕಳಿಬ್ಬರೂ ಕೂತು ಹಳೆ ಪೇಪರ್ ಹರಿದರು. ಅದನ್ನು ನೆನೆಸಿ, ರುಬ್ಬಿ, ಅರ್ಧ ಇಂಚು ದಪ್ಪ ಮೆತ್ತಿದೆವು. ಐದು ದಿನಕ್ಕೆ ಒಣಗಿ ತಾನೇ ಬಿಟ್ಟುಕೊಂಡಿತು. ಹಿಂಭಾಗ ನೋಡಿ ಮಗ, 'ಅಪ್ಪಾ, ಗೋಡೆಗೆ ಮೀಸೆ ಬಂದಿದೆ' ಅಂದ. ನಿಜ, ಬಿಳಿ ಉಪ್ಪು ಕೂದಲಿನ ಹಾಗೆ ಎದ್ದು ನಿಂತಿತ್ತು. ಎರಡು ಸಲ ಹಾಕಿದೆವು. ಆಮೇಲೆ ಮೇ ಕೊನೆವರೆಗೆ ಬೆತ್ತಲೆ ಗೋಡೆ, ತೆರೆದ ಕಿಟಕಿ, ಅಷ್ಟೇ.

ಬಣ್ಣಕ್ಕೆ ಸುಣ್ಣವೇ ಸರಿ ಅನ್ನಿಸಿತು, ಅದು ಗೋಡೆಗೆ ಉಸಿರಾಡೋಕೆ ಬಿಡುತ್ತದೆ. ಮೊದಲ ಅಂಗಡಿಯಿಂದ ತಂದ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕುದಿಯಲೇ ಇಲ್ಲ. ಗಾಳಿಗೆ ಇಟ್ಟು ಇಟ್ಟು ಸತ್ತುಹೋದ ಸರಕು. ವಾಪಸ್ ತಗೊಳ್ಳಲಿಲ್ಲ. ಎರಡನೇ ಕಡೆ ತಂದದ್ದು ಬಕೆಟ್‌ನಲ್ಲಿ ಕೊತಕೊತ ಅರಳಿತು. ಆ ಹೊತ್ತಿಗೆ ಮಕ್ಕಳನ್ನು ಹತ್ತಿರ ಬಿಡಬೇಡಿ, ನೀವೂ ಕನ್ನಡಕ ಹಾಕಿಕೊಳ್ಳಿ.

ಮಗಳಿಗೆ ನೀಲಿ ಬೇಕು, ಮಗನಿಗೆ ಹಳದಿ. ಸುಣ್ಣದ ಖಾರಕ್ಕೆ ಎಲ್ಲ ಬಣ್ಣವೂ ನಿಲ್ಲಲ್ಲ. ಅರಿಶಿನ ಹಾಕೋಣ ಅಂದ ಮಗನಿಗೆ ತಟ್ಟೆಯಲ್ಲಿ ಚಿಟಿಕೆ ಕಲಸಿ ತೋರಿಸಿದೆ. ಕ್ಷಣದಲ್ಲಿ ಓಕುಳಿ ಕೆಂಪು! ಕೊನೆಗೆ ಅವನ ಪಾಲಿಗೆ ನೆಲಕ್ಕೆ ಹಾಕುವ ಹಳದಿ ಆಕ್ಸೈಡ್ ಪುಡಿ, ಅವಳ ಪಾಲಿಗೆ ಬಟ್ಟೆಗೆ ಹಾಕುವ ನೀಲಿ ಪುಡಿ. ಎರಡೂ ಸುಣ್ಣಕ್ಕೆ ಜಗ್ಗಲ್ಲ. ಹತ್ತು ಲೀಟರಿಗೆ ಅರ್ಧ ಲೀಟರ್ ಕೆನೆ ತೆಗೆದ ಹಾಲು ಸೇರಿಸಿದೆ, ಕೈಗೆ ಹತ್ತದಿರಲಿ ಅಂತ. ಹಾಲಿನಷ್ಟೇ ತೆಳ್ಳಗೆ, ದಿನಕ್ಕೊಂದರಂತೆ ನಾಲ್ಕು ಕೋಟ್. ಹಚ್ಚಿದಾಗ ಏನೂ ಕಾಣಲ್ಲ, ಗಾಬರಿಯಾಗಿ ದಪ್ಪ ಬಳಿಯಬೇಡಿ. ಒಣಗುತ್ತಾ ಒಣಗುತ್ತಾ ಒಳಗಿಂದ ಬಣ್ಣ ಏಳುತ್ತದೆ. ಈ ಸುತ್ತಿನ ಒಟ್ಟು ಖರ್ಚು ₹640.

ಮುಂದಿನದಕ್ಕೆ ಮನಸ್ಸು ಆಗಲೇ ಓಡುತ್ತಿದೆ. ಶಿವಮೊಗ್ಗದಲ್ಲಿದ್ದು ಹಸೆ ಚಿತ್ತಾರ ಬರೆಯದಿದ್ದರೆ ಹೇಗೆ? ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ ಪುಂಡಿನಾರಿನ ಕುಂಚ ಹಿಡಿದು ಎಳೆಯುವ ಗೆರೆ ನೋಡಿದರೆ ಕಣ್ಣು ಕೀಳೋಕಾಗಲ್ಲ. ನೀಲಿ, ಹಳದಿ ಸೇರುವ ಕಡೆ ಒಂದು ಗೇಣು ಅಗಲ ಕೆಮ್ಮಣ್ಣು ಬಳಿದು ಅದರ ಮೇಲೆ ಚಿತ್ತಾರದ ಪಟ್ಟಿ ಬರೆಯಬೇಕು. ಕೆಮ್ಮಣ್ಣು ಸುಣ್ಣದ ಮೇಲೆ ನಿಲ್ಲುತ್ತದೆ. ಅಕ್ಕಿಹಿಟ್ಟು ಮಾತ್ರ ತೇವದಲ್ಲಿ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಚಳಿಗಾಲದವರೆಗೆ ತಡೆಯುತ್ತೇನೆ. ಒಳ್ಳೆ ಪುಂಡಿನಾರು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ತಿಳಿಸಿ.

ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಟ್ಟಿದ್ದೇನೆ, ಗಾಳಿ ಆಡಲಿ ಅಂತ. ಸಂಜೆ ಶಾಲೆಯಿಂದ ಬಂದ ಮಗಳು ಪುಸ್ತಕದೊಳಗಿಂದ ನವಿಲು ತೆಗೆದು, 'ಈಗ ಅಂಟಿಸಬಹುದಾ ಅಪ್ಪಾ?' ಅಂದಳು. ಟೇಪ್ ಬೇಡ, ಸುಣ್ಣ ಕಿತ್ತು ಬರುತ್ತದೆ ಅಂತ ಮೇಲೊಂದು ಮೊಳೆ ಹೊಡೆದು ದಾರ ಕಟ್ಟಿಕೊಟ್ಟೆ. ನವಿಲು ನೀಲಿ ಕಡೆ ನೇತಾಡುತ್ತಿದೆ. ಮಗನಿಗೆ ಹಳದಿ ಕಡೆ ಒಂದು ಆನೆ ಬೇಕಂತೆ, ಬರೆಯುತ್ತಾ ಕೂತಿದ್ದಾನೆ.